ಕೇಳಿದ್ದಕ್ಕೆ ಉತ್ತರ ಕೊಟ್ಟವಳು

ನಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುವ ಪದ್ಧತಿ ಇದೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಇದಕ್ಕೆ ಅಡ್ಡಿಯಾಗುವಂಥದ್ದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು ಎಂದು ಅಯ್ಯನವರು ಓದುತ್ತಾರೆ. ಅಯ್ಯನವರು ಎಂದರೆ ನಮ್ಮ ಪಾದ್ರಿಗಳು. ಓದಿದ ಮೇಲೆ ಒಂದು ಸಲ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಏನೂ ಹೇಳುವುದಿಲ್ಲ. ಹೇಳಬಾರದು ಎಂದು ಯಾರೂ ಕಲಿಸಿಲ್ಲ, ಆದರೂ ಎಲ್ಲರಿಗೂ ಗೊತ್ತು. ನಾನು ಹುಟ್ಟಿನಿಂದ ಕ್ರೈಸ್ತಳು, ಅಂಥ ಪ್ರಕಟಣೆಗಳನ್ನು ಕೇಳಿ ಕೇಳಿ ಕಿವಿ ದಡ್ಡುಗಟ್ಟಿತ್ತು. ಅಯ್ಯನವರು ಸುಮ್ಮನಿರುವ ಆ ಗಳಿಗೆಯಲ್ಲಿ ಮನೆಯಲ್ಲಿ ಬೇಳೆ ಬೇಯಲು ಇಟ್ಟು ಬಂದಿದ್ದೇನೋ ಇಲ್ಲವೋ ಎಂದು ಯೋಚಿಸುವುದು ನನ್ನ ಅಭ್ಯಾಸ.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿದ್ದಿರಬೇಕು. ಮಧುಗಿರಿಯ ನಮ್ಮ ಸಣ್ಣ ಹೆಂಚಿನ ಚರ್ಚಿನಲ್ಲಿ, ಈಸ್ಟರ್ ಕಳೆದ ಒಂದು ಭಾನುವಾರ, ಅಯ್ಯನವರು ಪ್ರಕಟಣೆ ಓದಿ ಸುಮ್ಮನಾದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು.

"ನಾಕು ತೆಲುಸಯ್ಯಾ," ಎಂದಳು. ತೆಲುಗು ಬಾಯಿಗೆ ಬಂದದ್ದು ಅವಳಿಗೇ ಗೊತ್ತಾಗಿ, ಮತ್ತೆ ಕನ್ನಡದಲ್ಲಿ ಹೇಳಿದಳು: "ನಂಗೊತ್ತು ಅಯ್ಯನೋರೇ."

ಎದ್ದವಳು ಮದುವೆಯ ಹುಡುಗಿಯ ತಾಯಿ. 

ಅವಳು ಪಾವಗಡದ ಕಡೆಯವಳು, ನಿಡುಗಲ್ ಬೆಟ್ಟದ ಆಚೆಯ ಒಂದು ಹಳ್ಳಿ. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬಳು ಹೆಣ್ಣನ್ನು ದೇವರ ಹೆಸರಿಗೆ ಬಿಡುವ ರೂಢಿ ಆ ಕಡೆ ಇತ್ತು. ಬಸವಿ ಎನ್ನುತ್ತಿದ್ದರು. ಅವಳಿಗೆ ಮದುವೆಯಿಲ್ಲ, ಊರಿನ ಯಾವ ಗಂಡಸಿಗೂ ಅವಳ ಬಾಗಿಲು ತೆರೆದಿರಬೇಕು, ಹುಟ್ಟಿದ ಮಕ್ಕಳಿಗೆ ಅಪ್ಪನಿಲ್ಲ. ಇವಳನ್ನು ಹಾಗೆ ಬಿಟ್ಟಾಗ ಹನ್ನೆರಡು ವರ್ಷವಂತೆ. ಮಗಳಿಗೂ ಅದೇ ವಯಸ್ಸು ಬರುವ ಹೊತ್ತಿಗೆ, ಆ ಕೂಸಿಗೂ ಹಾಗೇ ಮಾಡುತ್ತಾರೆಂದು ಹೆದರಿ, ಉಟ್ಟ ಸೀರೆಯಲ್ಲಿ ಮಧುಗಿರಿಯ ಬಸ್ಸು ಹತ್ತಿ ಬಂದಿದ್ದಳು. ಹುಣಸೆಹಣ್ಣಿನ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿ ಹಿಡಿದಳು. ಮಗಳನ್ನು ನಾನು ಪಾಠ ಹೇಳುತ್ತಿದ್ದ ಶಾಲೆಗೆ ಸೇರಿಸಿದಳು. ಅಲ್ಲಿಂದ ನಮ್ಮ ಪರಿಚಯ.

ಒಂದು ದಿನ ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಕೇಳಿದಳು: "ಟೀಚರಮ್ಮ, ಒಂದು ದೇವರಿಗೆ ಬುಟ್ಟವಳ್ನ ಇನ್ನೊಂದು ದೇವ್ರು ತಗಂತಾನಾ?"

ನನಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಧರ್ಮೋಪದೇಶದ ಪಾಠಗಳಲ್ಲಿ ಅದಕ್ಕೆ ಉತ್ತರವೂ ಇರಲಿಲ್ಲ. "ತಗೊಳ್ತಾನೆ, ಯಾಕೆ ತಗೊಳ್ಳಲ್ಲ," ಎಂದು ಧಾರಾಳವಾಗಿ ಹೇಳಿಬಿಟ್ಟೆ. ಬಾಯಲ್ಲಿ ಧಾರಾಳ ತೋರಿಸುವುದರಲ್ಲಿ ನಾನು ಯಾವತ್ತೂ ಕಡಿಮೆಯಿಲ್ಲ.

ದೀಕ್ಷಾಸ್ನಾನಕ್ಕೆ ಮುಂಚಿನ ಪಾಠವನ್ನು ಒಂದು ವರ್ಷ ನಾನೇ ಹೇಳಿಕೊಟ್ಟೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಹೇಳಿದ ಮಾತು ಮರೆಯುತ್ತಿರಲಿಲ್ಲ. ದೇವರ ಸನ್ನಿಧಿಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು, ಗೊತ್ತಿದ್ದೂ ಸುಮ್ಮನಿರುವುದು ಕೂಡ ಸುಳ್ಳೇ ಎಂದು ಕಲಿಸಿದವಳು ನಾನೇ. ದೀಕ್ಷಾಸ್ನಾನದ ದಿನ ಅಯ್ಯನವರು, ನಿನ್ನ ಪಾಪಗಳಿಗಾಗಿ ಪಶ್ಚಾತ್ತಾಪ ಪಡುತ್ತೀಯಾ ಎಂದು ಕೇಳಿದರು. ಎಲ್ಲರೂ ಅದಕ್ಕೆ ಹೌದು ಎಂದು ಒಪ್ಪಿಸಿ ಮುಗಿಸುತ್ತಾರೆ. ಇವಳು ಅಯ್ಯನವರ ಮುಖ ನೋಡಿ, "ಒಂದೊಂದೇ ಯೇಳ್ಬೇಕಾ, ಒಟ್ಗೆ ಹೌದು ಅಂದ್ರೆ ಸಾಕಾ?" ಎಂದಳು. ಅಯ್ಯನವರು ಕೆಮ್ಮಿ, "ಒಟ್ಟಿಗೆ ಅಂದರೆ ಸಾಕಮ್ಮ," ಎಂದರು. ನಮಗೆಲ್ಲ ನಗು ತಡೆಯಲಾಗಲಿಲ್ಲ. ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಅವಳು ಬಸವಿಯಾಗಿದ್ದವಳು ಎಂಬುದು ಸಭೆಯಲ್ಲಿ ಅಯ್ಯನವರಿಗೂ ನನಗೂ ಮಾತ್ರ ಗೊತ್ತಿತ್ತು. ಉಳಿದವರಿಗೆ ಅವಳು ವಿಧವೆ. ಹಾಗೆಂದು ಹೇಳಿದವಳು ನಾನು. ಯಾರಾದರೂ ಕೇಳುವ ಮುಂಚೆಯೇ, "ಪಾಪ, ಗಂಡ ಇಲ್ಲ," ಎಂದುಬಿಡುತ್ತಿದ್ದೆ. ಗಂಡ ಇಲ್ಲ ಎನ್ನುವುದು ಸುಳ್ಳೇನೂ ಅಲ್ಲವಲ್ಲ ಎಂದು ಒಳಗೊಳಗೇ ಜಾಣತನಕ್ಕೆ ಬೀಗಿದ್ದೂ ಉಂಟು.

ಹುಡುಗಿ ಬೆಳೆದಳು, ಹೊಲಿಗೆ ಕಲಿತಳು. ಶಿರಾದ ಹುಡುಗನೊಬ್ಬ, ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿದ್ದವನು, ಕ್ರಿಸ್ಮಸ್ ಕೂಟದಲ್ಲಿ ಅವಳನ್ನು ನೋಡಿ ಮೆಚ್ಚಿದ. ಅವನ ತಾಯಿ ನಿವೃತ್ತ ಸೂಲಗಿತ್ತಿ ನರ್ಸು, ಗಂಡ ತೀರಿಕೊಂಡವರು. ಶಿರಾದ ಅರ್ಧ ಊರು ಅವರ ಕೈಯಲ್ಲೇ ಹುಟ್ಟಿತ್ತು. ಮಾತು ಖಡಕ್ಕು, ನಗು ಅಪರೂಪ. ಅವರನ್ನು ಕಂಡರೆ ನನಗೆ ಒಳಗೇ ಹೆದರಿಕೆ. ಮಾತುಕತೆಯೆಲ್ಲ ನಾನೇ ಮುಂದೆ ನಿಂತು ನಡೆಸಿದೆ. ವಿಧವೆಯ ಮಗಳು ಎಂದೇ ಹೇಳಿದೆ.

ಪ್ರಕಟಣೆಯ ಅರ್ಜಿ ತುಂಬುವ ಕೆಲಸವೂ ನನಗೇ ಬಂತು, ಅಕ್ಷರ ಚೆನ್ನಾಗಿದೆಯೆಂದು. ತಂದೆಯ ಹೆಸರು ಎನ್ನುವ ಕಡೆ ಪೆನ್ನು ನಿಂತಿತು. ಖಾಲಿ ಬಿಡಬಹುದಿತ್ತು. ಅಯ್ಯನವರನ್ನು ಕೇಳಬಹುದಿತ್ತು. ಎರಡೂ ಮಾಡದೆ, ದಿವಂಗತ ಎಂದು ಬರೆದು, ಮುಂದೆ ನಮ್ಮವರಲ್ಲಿ ಮನೆಮನೆಗೂ ಇರುವಂಥ ಒಂದು ಹೆಸರು ಸೇರಿಸಿದೆ. ಇಲ್ಲದ ಮನುಷ್ಯನನ್ನು ಒಂದೇ ಸಾಲಿನಲ್ಲಿ ಹುಟ್ಟಿಸಿ ಸಾಯಿಸಿಯೂ ಬಿಟ್ಟೆ. ಶಾಯಿ ಆರುವವರೆಗೆ ಊದುತ್ತಾ ಕೂತಿದ್ದ ನೆನಪಿದೆ.

ಆ ಭಾನುವಾರ ಎದ್ದು ನಿಂತ ಅವಳು ಹೇಳಿದ್ದಿಷ್ಟು:

"ನೀವ್ ಓದಿದ ಎಸರಿನವ್ರು ಯಾರೂ ಇಲ್ಲ ಅಯ್ಯನೋರೇ. ನನ್ನ ದೇವರಿಗೆ ಬುಟ್ಟಿದ್ರು, ನಾನು ಬಸವಿ. ನನ್ ಮಗಳಿಗೆ ಅಪ್ಪ ಅಂತ ಒಬ್ಬನ್ನ ತೋರ್ಸಕ್ಕೆ ನನ್ ಕೈಲಿ ಆಗಕಿಲ್ಲ. ಗೊತ್ತಿದ್ದೋರು ಯೇಳಿ ಅಂತ ಕೇಳಿದ್ರಲ್ಲಾ, ಅದ್ಕೆ ಯೇಳ್ದೆ."

ಹೇಳಿ ಕೂತುಕೊಂಡಳು. ಅಷ್ಟು ಸಲೀಸಾಗಿ.

 ಅವಳ ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಇನ್ನೊಂದು ಬೆಂಚಿಗೆ ಹೋದಳು. ಗಂಡಸರ ಕಡೆ ಯಾರೋ ಗಂಟಲಲ್ಲೇ ನಕ್ಕರು. ಬರೆದದ್ದನ್ನು ಅಭ್ಯಾಸಬಲದಿಂದ ಓದಿಬಿಟ್ಟಿದ್ದ ಅಯ್ಯನವರು ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಹೆಸರು ಹೇಗೆ ಬಂತು?" ಎಂದು ಯಾರನ್ನೂ ನೋಡದೆ ಕೇಳಿದರು.

ನಾನು ಎದ್ದೆ. "ಬರೆಯುವಾಗ ಕೈತಪ್ಪಾಗಿದೆ ಅಯ್ಯನವರೇ," ಎಂದೆ.

ದೇವರ ಸನ್ನಿಧಿಯಲ್ಲಿ, ಇಡೀ ಸಭೆಯ ಮುಂದೆ, ಹಾಗೆಂದೆ. ಅವಳು ಹಿಂದಿನಿಂದ, "ಅಂಗಾರೆ ಸರಿ. ತಿದ್ದಿ," ಎಂದಳು. ನನ್ನ ಮಾತನ್ನು ನಂಬಿದಳು. ಟೀಚರಮ್ಮ ಸುಳ್ಳು ಹೇಳಬಹುದು ಎಂಬುದು ಅವಳ ತಲೆಗೇ ಬರಲಿಲ್ಲ. ನನಗೆ ನಾಚಿಕೆಯಾಯಿತೇ ಎಂದರೆ, ಇಲ್ಲ. ಅವತ್ತು ನನಗೆ ಬಂದದ್ದು ಸಿಟ್ಟು.

ಮಧ್ಯಾಹ್ನ ಅವಳ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ.

"ಏನು ಮಾಡಿಬಿಟ್ಟೆ ನೀನು? ಮಗಳ ಬಾಳು ಹಾಳಾಗಬೇಕಾ?"

"ಕೇಳಿದ್ರಲ್ಲಾ ಟೀಚರಮ್ಮ?"

"ಅದು ಕೇಳೋದಲ್ಲ. ಓದೋದು! ಪ್ರತಿ ಮದುವೆಗೂ ಓದ್ತಾರೆ. ಯಾರೂ ಉತ್ತರ ಕೊಡಲ್ಲ."

 "ಓದಿದ್ರೂ ಕೇಳ್ದಂಗೇ ಇತ್ತಲ್ಲಾ," ಎಂದಳು.

ಮಗಳು ಗೋಡೆಗೆ ಒರಗಿ ಅಳುತ್ತಿದ್ದಳು. ಅವಳಾದರೂ ತಾಯಿಗೆ ನಾಲ್ಕು ಮಾತು ಆಡಲಿ ಎಂದು ಅವಳ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಂಡು, "ಅವ್ವ ಹೇಳಿದ್ದು ಸುಳ್ಳಲ್ಲ ಟೀಚರ್," ಎಂದಳು. ಇನ್ನು ಇವರ ಸಹವಾಸ ಸಾಕು ಎಂದುಕೊಂಡು ಮನೆಗೆ ಬಂದೆ. ಬಂದವಳಿಗೆ ಊಟ ಸೇರಲಿಲ್ಲ. ಆ ಹುಡುಗಿಗೆ ಇನ್ನೊಂದು ಸಂಬಂಧ ಈ ಜನ್ಮದಲ್ಲಿ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಬುಧವಾರ ಹುಡುಗನ ತಾಯಿ, ಶಿರಾದ ನರ್ಸಮ್ಮ, ನಮ್ಮ ಮನೆಗೆ ಬಂದಿಳಿದರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಕುರ್ಚಿಯ ತುದಿಯಲ್ಲಿ ಕೂತು, "ಸುದ್ದಿ ಬಂತು. ನನಗಿಂತ ಮುಂಚೆ ಬಸ್ಸಿನ ಕಂಡಕ್ಟರ್‌ಗೆ ಗೊತ್ತಿತ್ತು," ಎಂದರು. ನಾನು ಟೀ ಕೊಟ್ಟೆ. 

"ಆಯಮ್ಮ ಹೇಳಿದ್ದು ನಿಜಾನಾ?"

"ನಿಜ," ಎಂದೆ. ಬೇರೆ ದಾರಿ ಇರಲಿಲ್ಲ.

ಅವರು ಟೀ ಕುಡಿದು ಮುಗಿಸಿದರು. ಆಮೇಲೆ ಎದ್ದು ಕೊಡೆ ತೆಗೆದುಕೊಂಡು ಹೇಳಿದರು: "ಮದುವೆ ನಡೀತದೆ. ನಮ್ಮ ಕಡೆಯಿಂದ ಐವತ್ತು ಜನ ಬರ್ತಾರೆ, ಎಲ್ಲಾ ಒಂದೇ ಥರ ಇರಲ್ಲ. ಅವತ್ತು ಆ ತಾಯೀನ ಸರಿಯಾಗಿ ನೋಡ್ಕೊಳ್ಳಿ ಟೀಚರಮ್ಮ. ಅದು ನಿಮ್ಮ ಜವಾಬ್ದಾರಿ."

ಮುಖದಲ್ಲಿ ನಗುವಿಲ್ಲ, ದನಿ ಮೆತ್ತಗಿಲ್ಲ. ನಾನು ತಲೆಯಾಡಿಸಿದೆ. ನೋಡಿಕೊಳ್ಳಿ ಎಂದರೆ ಏನೆಂದು ನನಗೆ ಆ ಕ್ಷಣದಲ್ಲಿ ಒಂದಿಷ್ಟೂ ಅನುಮಾನ ಬರಲಿಲ್ಲ. ಮತ್ತೆ ಎದ್ದು ಏನಾದರೂ ಅನ್ನದಂತೆ ನೋಡಿಕೊಳ್ಳಿ, ಶಿರಾದವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಇನ್ನೇನಿರುತ್ತದೆ?

ಮುಂದಿನ ಎರಡು ಭಾನುವಾರ ಅವಳಿಗೆ ಮಂಡಿಯಲ್ಲಿ ಕೆಲಸ ಬಿತ್ತು, ಚರ್ಚಿಗೆ ಬರಲಾಗಲಿಲ್ಲ. ತಂದೆಯ ಹೆಸರಿಲ್ಲದೆ ಪ್ರಕಟಣೆ ಓದಿದರು, ಯಾರೂ ಏಳಲಿಲ್ಲ. ಆದರೆ ಮದುವೆಯ ದಿನ ಆರಾಧನೆಯ ನಡುವೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಾರೆ. ಅದು ನನಗೆ ತಡವಾಗಿ ನೆನಪಾಯಿತು. ಮದುವೆಗೆ ಎರಡು ದಿನ ಇರುವಾಗ ಮಂಡಿಗೆ ಹೋದೆ. ಹುಣಸೆಹಣ್ಣಿನ ರಾಶಿಯ ಮುಂದೆ ಕಾಲು ಚಾಚಿ ಕೂತು ಕೊಡತಿಯಿಂದ ಕುಟ್ಟುತ್ತಿದ್ದಳು.

"ಅವತ್ತೂ ಅಯ್ಯನವರು ಕೇಳ್ತಾರೆ," ಎಂದೆ. "ಶಿರಾದ ಜನ ಎಲ್ಲ ಇರ್ತಾರೆ. ನೀನು ಸುಮ್ಮನೆ ಕೂತಿರ್ತೀಯಾ?"

ಅವಳು ಕೊಡತಿ ಕೆಳಗಿಟ್ಟಳು. "ಕೇಳಿದ್ರೆ ಸುಮ್ಕಿರಕ್ಕೆ ನಂಗಾಗಕಿಲ್ಲ ಟೀಚರಮ್ಮ. ನೀವೇ ಯೇಳಿದ್ರಿ ಅದೂ ಸುಳ್ಳೇ ಅಂತ."

"ಹಾಗಾದರೆ ನೀನು ಹೊರಗಿರು. ಹೊಂಗೆಮರದ ಹತ್ತಿರ ಕಿಟಕಿ ಇದೆಯಲ್ಲ, ಅಲ್ಲಿಂದ ಎಲ್ಲಾ ಕಾಣುತ್ತೆ. ನಿನ್ನ ಮಗಳಿಗೋಸ್ಕರ."

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ನನ್ನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟಳು. "ಆಗ್ಲಿ. ನೀವು ಬಾ ಅನ್ನೋಗಂಟ ಒಳಕ್ಕೆ ಬರಾಕಿಲ್ಲ," ಎಂದಳು. ಕೈ ಅಂಟಂಟಾಗಿತ್ತು. ಬೀದಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಹಗುರವಾಗಿ ಮನೆಗೆ ನಡೆದೆ. ಅವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು. ಈಗ ಅದನ್ನು ನೆನೆದರೆ ಎಲ್ಲಕ್ಕಿಂತ ಹೆಚ್ಚು ಗಾಬರಿಯಾಗುವುದು ಆ ನಿದ್ದೆಯ ಬಗ್ಗೆ.

ಮದುವೆಯ ಬೆಳಿಗ್ಗೆ ಅಯ್ಯನವರು ಹುಡುಗಿಯ ತಾಯಿ ಎಲ್ಲಿ ಎಂದರು. ಮೈ ಸರಿಯಿಲ್ಲ, ಮನೆಯಲ್ಲೇ ಮಲಗಿದ್ದಾಳೆ ಎಂದೆ. ಹುಡುಗಿಗೆ, ಅವ್ವ ಹಿಂದೆ ಎಲ್ಲೋ ಕೂತಿದ್ದಾಳೆ, ನೀನು ತಿರುಗಿ ನೋಡಬೇಡ, ಮದುವಣಗಿತ್ತಿ ತಿರುಗಿ ನೋಡಬಾರದು ಎಂದೆ. ಅಂಥ ಶಾಸ್ತ್ರ ನಮ್ಮಲ್ಲಿ ಯಾವುದೂ ಇಲ್ಲ. ಅಷ್ಟು ಹೊತ್ತಿಗೆ ಸುಳ್ಳು ಹೇಳುವುದು ನನಗೆ ನೀರು ಕುಡಿದಷ್ಟು ಸುಲಭವಾಗಿಬಿಟ್ಟಿತ್ತು. ಹುಡುಗಿಯನ್ನು ಧಾರೆ ಕೊಡುವವರ ಜಾಗದಲ್ಲಿ ನಿಲ್ಲಲು ನಮ್ಮ ಯಜಮಾನರನ್ನು ಒಪ್ಪಿಸಿದ್ದೆ. ಅವರು ಹೊಸ ಪಂಚೆ ಉಟ್ಟು, ಬೆವರುತ್ತಾ ನಿಂತಿದ್ದರು.

ಚರ್ಚು ತುಂಬಿತ್ತು. ಶಿರಾದವರು ಎಡಗಡೆ, ನಮ್ಮವರು ಬಲಗಡೆ. ನಾನು ಮುಂದಿನ ಸಾಲಿನಲ್ಲಿ, ಕಿಟಕಿ ಕಾಣುವಂತೆ ಕೂತಿದ್ದೆ. ನಾನು ಹೇಳಿದ ಜಾಗದಲ್ಲೇ ಅವಳು ಇದ್ದಳು. ಹಸಿರು ಸೀರೆ, ಬಹುಶಃ ಹೊಸದು. ತಲೆಗೆ ಎಣ್ಣೆ ಹಚ್ಚಿ ಬಾಚಿ ಹೂ ಮುಡಿದಿದ್ದಳು. ಹೊರಗೆ ನಿಲ್ಲುವುದಕ್ಕೆ ಅಷ್ಟು ಸಿಂಗಾರ ಮಾಡಿಕೊಂಡು ಬಂದಿದ್ದಳು.

ಅಯ್ಯನವರು ಮೊದಲ ಪ್ರಶ್ನೆ ಕೇಳಿದರು, ಈ ವಿವಾಹಕ್ಕೆ ಅಡ್ಡಿ ಗೊತ್ತಿದ್ದವರು ಹೇಳಲಿ ಎಂದು. ನಾನು ಕಿಟಕಿಯನ್ನೇ ನೋಡಿದೆ. ಅವಳು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಆಗಲೇ ಹೇಳಿಯಾಗಿತ್ತಲ್ಲ, ಇನ್ನೇನು ಉಳಿದಿತ್ತು ಎಂದು ಆಮೇಲೆ ಹೊಳೆಯಿತು. ನಾನು ಹೆದರಿದ್ದೆಲ್ಲ ದಂಡ. ಗಂಡು ಹೆಣ್ಣಿನ ಒಪ್ಪಿಗೆಯ ಮಾತುಗಳಾದವು. ನಾನು ಬೆನ್ನು ಸಡಿಲಿಸಿ ಒರಗಿ ಕೂತೆ.

ಆಗ ಅಯ್ಯನವರು ಎರಡನೆಯದನ್ನು ಕೇಳಿದರು: "ಈ ಹುಡುಗಿಯನ್ನು ಈ ಹುಡುಗನಿಗೆ ವಿವಾಹ ಮಾಡಿಕೊಡುವವರು ಯಾರು?"

ನಮ್ಮ ಯಜಮಾನರು ಯಾವುದರಲ್ಲೂ ನಿಧಾನ. ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಇಡುವಷ್ಟರಲ್ಲಿ ಕಿಟಕಿಯಿಂದ ಉತ್ತರ ಬಂತು.

"ನಾನು!"

ಮದುವಣಗಿತ್ತಿ ತಿರುಗಿ ನೋಡಿದಳು. ಎಲ್ಲರೂ ನೋಡಿದರು. ಕಿಟಕಿಯ ಸರಳು ಹಿಡಿದುಕೊಂಡು, ಒಳಗೆ ಮುಖ ಒತ್ತಿ ಅವಳು ನಿಂತಿದ್ದಳು. ನಮ್ಮ ಯಜಮಾನರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು.

ನರ್ಸಮ್ಮ ಎದ್ದು ನಿಂತರು. "ಜರಾ ತಡೀರಿ ಅಯ್ಯನೋರೇ. ಆಯಮ್ಮ ಯಾಕೆ ಹೊರಗವ್ರೆ?"

"ಮೈ ಸರಿಯಿಲ್ಲ ಅಂತ..." ಅಯ್ಯನವರು ನನ್ನ ಕಡೆ ನೋಡಿದರು.

"ಮೈಗೇನಾಗೈತೆ? ಚೆನ್ನಾಗಿವ್ನಿ," ಎಂದಳು ಅವಳು ಕಿಟಕಿಯಿಂದ. "ಟೀಚರಮ್ಮ ವೊರಗಿರು ಅಂದ್ರು, ಅದ್ಕೆ ವೊರಗಿವ್ನಿ. ಮಾತಾಡ್ಬೇಡ ಅನ್ಲಿಲ್ಲ."

ಅದರಲ್ಲಿ ದೂರಿರಲಿಲ್ಲ, ಕುಹಕವಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ಆದರೆ ನೂರು ಜನರ ಮುಖ ಒಟ್ಟಿಗೆ ನನ್ನ ಕಡೆ ತಿರುಗಿತು. 

"ನಾನು ನೋಡ್ಕೊಳ್ಳಿ ಅಂದದ್ದು ಇದಕ್ಕಾ?" ನರ್ಸಮ್ಮನ ದನಿ ನಡುಗುತ್ತಿತ್ತು. ಅವರ ದನಿ ನಡುಗಿದ್ದನ್ನು ಅದೇ ಮೊದಲು ಕೇಳಿದ್ದು. "ಹೆತ್ತ ತಾಯಿ, ಒಬ್ಬಳೇ ಇರ್ತಾಳೆ, ಇಂಥ ಮಾತಾಡಿದ ಮೇಲೆ ಪಕ್ಕದಲ್ಲಿ ಯಾರೂ ಕೂರಲ್ಲ, ನೀವಾದ್ರೂ ಕೈ ಹಿಡಿದು ಜೊತೇಲಿ ಕೂರಿಸ್ಕೊಳ್ಳಿ ಅಂತ ಹೇಳಿದ್ದು ನಾನು. ದೇವರಿಗೆ ಬಿಟ್ಟೋರ ಹೆರಿಗೆ ಎಷ್ಟು ಮಾಡಿವ್ನಿ, ಬಾಗಿಲಲ್ಲಿ ಒಂದು ನರಪಿಳ್ಳೆ ನಿಂತಿರಲ್ಲ ಟೀಚರಮ್ಮ. ನಿಮ್ಗೆ ಗೊತ್ತಿರ್ತದೆ ಅಂದ್ಕೊಂಡಿದ್ದೆ."

ನನಗೆ ಗೊತ್ತಿರಲಿಲ್ಲ. ಒಂದೇ ಮಾತು, ನಾನೂ ದಿನಕ್ಕೆ ಹತ್ತು ಸಲ ಆಡುವ ಮಾತು. ಅಪ್ಪನನ್ನು ನೋಡಿಕೊಳ್ಳುವುದು, ಮಗುವನ್ನು ನೋಡಿಕೊಳ್ಳುವುದು ಎನ್ನುತ್ತೇವಲ್ಲ, ಆ ಅರ್ಥ ಅವಳ ವಿಷಯದಲ್ಲಿ ನನಗೆ ಹೊಳೆಯಲೇ ಇಲ್ಲ. ಕಳ್ಳನನ್ನು ನೋಡಿಕೊಳ್ಳುವ ಅರ್ಥವೊಂದೇ ಹೊಳೆದದ್ದು. ವರ್ಷವಿಡೀ ಅವಳಿಗೆ ಯೇಸುಸ್ವಾಮಿಯ ಕರುಣೆಯ ಪಾಠ ಹೇಳಿದವಳು ನಾನು.

"ಒಳಗೆ ಬಾರಮ್ಮ," ಎಂದರು ಅಯ್ಯನವರು ಕಿಟಕಿಯ ಕಡೆಗೆ.

"ಬರಾಕಿಲ್ಲ ಅಯ್ಯನೋರೇ. ಕೈಮೇಲೆ ಕೈ ಇಟ್ಟು ಮಾತು ಕೊಟ್ಟಿವ್ನಿ. ಟೀಚರಮ್ಮ ಬಾ ಅನ್ಬೇಕು."

ಮದುವಣಗಿತ್ತಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದೆ. 

"ಅರ್ಜಿಯಲ್ಲಿ ಆ ಹೆಸರು ಬರೆದದ್ದು ಕೈತಪ್ಪಿ ಅಲ್ಲ," ಎಂದೆ. "ಬೇಕೆಂದೇ ಬರೆದೆ. ಮೈ ಸರಿಯಿಲ್ಲ ಅಂದದ್ದೂ ಸುಳ್ಳು. ಅವಳು ಒಂದೂ ಸುಳ್ಳು ಹೇಳಿಲ್ಲ. ಎಲ್ಲಾ ಸುಳ್ಳೂ ನನ್ನದೇ."

 ಬೆಂಚುಗಳ ನಡುವೆ ಬಾಗಿಲವರೆಗೆ ನಡೆದೆ. ಆ ಹತ್ತು ಮಾರು ದಾರಿಯಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಮೆಟ್ಟಿಲಿಳಿದು, ಗೋಡೆ ಬಳಸಿ, ಹೊಂಗೆಮರದ ಹತ್ತಿರ ಹೋದೆ. ಅವಳು ಕಿಟಕಿಯಿಂದ ಈ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಕರೆದ ಮಗುವಿನ ಹಾಗೆ ನೆಟ್ಟಗೆ ನಿಂತಳು. ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಬನ್ನಿ," ಎಂದೆ.

ಅವಳು ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಮರ ಬಿಟ್ಟರೆ ಯಾರೂ ಇರಲಿಲ್ಲ. ಮತ್ತೆ ನನ್ನ ಕಡೆ ತಿರುಗಿ, "ಯಾರ್ನ ಟೀಚರಮ್ಮ?" ಎಂದಳು.

"ನಿಮ್ಮನ್ನೇ," ಎಂದು ಅವರ ಕೈ ಹಿಡಿದುಕೊಂಡೆ. ಒಳಗೆ ಅಯ್ಯನವರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಕಾಯುತ್ತಿದ್ದರು.